ಬೆಲ್ಲದ ಸೂರ್ಯ

ಮಂಡ್ಯದಲ್ಲಿ ನಮ್ಮ ಮಾವನವರದೊಂದು ಟಾಕೀಸು. ಪರದೆಯ ಮೇಲ್ಗಡೆ ಬೊಂಬಾಯಿ ಫ್ಯಾಷನ್ನಿನ ಗಾರೆಯ ಸೂರ್ಯ, ಅವನಿಂದ ಚಾವಣಿಯುದ್ದಕ್ಕೂ ಹರಡಿದ ಚಿನ್ನದ ಬಣ್ಣದ ಕಿರಣಗಳು. ನೋಡಿದರೆ ಆಹಾ ಎನ್ನಬೇಕು! ಒಂದು ಮಳೆಗಾಲ ಚಾವಣಿ ಸೋರಿ ಅರ್ಧ ಸೂರ್ಯ ಉದುರಿಹೋದ.

"ಯುದ್ಧದ ಕಾಲ, ಸಿಮೆಂಟು ಎಲ್ಲೂ ಸಿಗಾಕಿಲ್ಲ" ಎಂದು ಮಾವ ತಲೆಯ ಮೇಲೆ ಕೈ ಹೊತ್ತರು. "ಇದ ಸರಿ ಮಾಡ್ದೋರಿಗೆ ಟಾಕೀಸಿನ ಬೀಗದಕೈನೇ ಕೊಟ್ಬುಡ್ತೀನಿ."

ಬೀಗದಕೈ! ಅಂದರೆ ಮ್ಯಾನೇಜರಿಕೆ! "ಸದರಿ ಸೂರ್ಯನ ಜೀರ್ಣೋದ್ಧಾರದ ಹೊಣೆ ನನ್ನದು" ಎಂದು ಎದ್ದು ನಿಂತು ಘೋಷಿಸಿದೆ. ಹಳಬರು ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರೆಂದು ನನಗೆ ಗೊತ್ತಿತ್ತು. ಎಷ್ಟು ಎಂಬುದು ಗೊತ್ತಿರಲಿಲ್ಲ. ಹಿಡಿ ಬೆಲ್ಲಕ್ಕೇ ಗಟ್ಟಿಯಾಗುವ ಗಾರೆ, ಗಾಡಿ ಬೆಲ್ಲಕ್ಕೆ ಎಷ್ಟು ಗಟ್ಟಿಯಾಗಬೇಡ! ಮದ್ದೂರಿನ ಆಲೆಮನೆಯಿಂದ ಗಾಡಿ ಬಂದೇ ಬಂತು.

ನನ್ನ ಹೆಂಡತಿ ಚೆಲುವಮ್ಮ ಕೊಪ್ಪರಿಗೆಯೊಳಗೆ ಇಣುಕಿದಳು. "ಗಾರೆ ಕಲಸ್ತಿದ್ದೀರೋ, ಪಾಯ್ಸ ಮಾಡ್ತಿದ್ದೀರೋ?"

"ನಿಂಗೇನ್ ಗೊತ್ತು ಬುಡು, ಇದು ಶಿಲ್ಪಶಾಸ್ತ್ರ!" ಎಂದೆ. ನನಗೆ ಗೊತ್ತಿತ್ತೇ? ಕೇಳಬೇಡಿ.

ಅಂತೂ ಸೂರ್ಯ ಎದ್ದ. ಚಿನ್ನದ ಬಣ್ಣವೂ ಏರಿತು. ಮಾವ ಹೊಸ ರುಮಾಲು ಸುತ್ತಿ, ಮಳವಳ್ಳಿಯ ನೆಂಟರನ್ನೆಲ್ಲ ಮೊದಲ ಆಟಕ್ಕೆ ಕರೆದರು. ಬೀಗದಕೈ ಅವರ ಕೋಟಿನ ಜೇಬಿನಲ್ಲಿ ಝಣಝಣ ಎನ್ನುತ್ತಿತ್ತು. ನನಗಂತೂ ಖುಷಿಗೆ ಕೂರಲಾಗಲಿಲ್ಲ!

ದೀಪ ಆರುವ ಮೊದಲೇ ಮುಂದಿನ ಬೆಂಚಿನಿಂದ ಕೂಗು ಬಂತು: "ಲೇ, ಕಿರಣ ನಡೀತಾ ಅವೆ ಕಣ್ಲಾ!"

ಹೌದು, ಕಿರಣಗಳು ಅಲ್ಲಾಡುತ್ತಿದ್ದವು!

"ಕರೆಂಟಿನ ಕರಾಮತ್ತು ಕಣ್ಲಾ!"

ಶಿಳ್ಳೆ! ಚಪ್ಪಾಳೆ! ನಾನು ಎದ್ದು ಸಭೆಗೆ ಕೈಮುಗಿದೆ. ಅಷ್ಟರಲ್ಲಿ ಒಂದು ಕಿರಣ ನನ್ನ ಕುತ್ತಿಗೆಗೆ ಬಿದ್ದು, ಅಂಗಿಯೊಳಗೆ ಇಳಿದು, ಕಚ್ಚಿತು. ಕೆಂಪಿರುವೆ! ಊರಿನ ಇರುವೆಗಳೆಲ್ಲ ಸೂರ್ಯಮಂಡಲದಲ್ಲೇ ಬೀಡುಬಿಟ್ಟಿದ್ದವು! ಜನ ಪಂಚೆ ಕೊಡವುತ್ತ ಬಾಗಿಲಿಗೆ ಓಡಿದರು. ಮಳವಳ್ಳಿಯ ನೆಂಟರು ಎಲ್ಲರಿಗಿಂತ ಮುಂದಿದ್ದರು. ಸೆಕೆಗೆ ಮೆತ್ತಗಾದ ಸೂರ್ಯನ ಒಂದು ತುಂಡು 'ಪಚಕ್' ಎಂದು ಮಾವನ ಹೊಸ ರುಮಾಲಿನ ಮೇಲೆ ಬಿತ್ತು.

ಮಾವ ಅದನ್ನು ಬೆರಳಲ್ಲಿ ತೆಗೆದು, ಮೂಸಿ ನೋಡಿದರು. "ಪಾಕ ಚೆಂದಾಗ್ ಬಂದದೆ ಅಳಿಮಯ್ಯ. ಒಸಿ ಏಲಕ್ಕಿ ಆಕ್ಬೇಕಿತ್ತು."

ಆಮೇಲೆ ಚೆಲುವಮ್ಮನೇ ಸೆರಗು ಸಿಕ್ಕಿಸಿ ನಿಂತು, ಹಿಡಿ ಬೆಲ್ಲದಲ್ಲೇ ಸೂರ್ಯನನ್ನು ಮತ್ತೆ ಎಬ್ಬಿಸಿದಳು. ಬೀಗದಕೈ ಅವಳ ಸೊಂಟಕ್ಕೆ ಹೋಯಿತು.

ಈಗಲೂ ನಾನು ಟಾಕೀಸಿಗೆ ತಪ್ಪದೆ ಹೋಗುತ್ತೇನೆ.

ಟಿಕೆಟು ಕೊಂಡು!