ಮೊಣಕಾಲು ಮಡಚುವ ಮೊದಲೇ ಬಿಚ್ಚಿದ ಸೀರೆ

ಸೂರತ್ತಿಗೆ ಬಂದ ಮೇಲೆ ನಾನು ಬಾಯಿ ಬಿಟ್ಟುಕೊಂಡು ನಿಂತ ದಿನಗಳೇ ಜಾಸ್ತಿ ನೋಡ್ರಿ. ಮೊಬೈಲಿನಲ್ಲಿ ಸುದ್ದಿ ಓದುವಾಗ ನಡುನಡುವೆ ಇಣುಕುತ್ತವಲ್ಲ, ಆ ಜಾಹೀರಾತು ಮಾಡುವುದು ನನ್ನ ಕೆಲಸ. ಅವು ಹಗುರ ಇರಬೇಕು, ಭಾರವಾದರೆ ಪುಟವೇ ಬೇಗ ತೆರೆಯುವುದಿಲ್ಲ. ಸೀರೆ ಅಂಗಡಿಯ ಸೇಠರೊಬ್ಬರನ್ನು ಅವರ ದೀಪಾವಳಿ ಜಾಹೀರಾತಿಗೆ ಒಪ್ಪಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಹುಬ್ಬಳ್ಳಿ ಗಾಡಿ ಹತ್ತು ಅಂದಿದ್ದರು ನಮ್ಮ ಬಾಸ್.

೧. ಹಗುರದ ಪಾಠ

ಸೇಠರಿಗೆ ಹನ್ನೆರಡು ಸೀರೆ ಹಾರಬೇಕಿತ್ತು, ದೀಪ ಮಿನುಗಬೇಕಿತ್ತು, ಮೇಲೆ ಗರ್ಬಾ ಕುಣಿತದ ಡೋಲು ಬೇರೆ. "ಭಾರ ಆಗತ್ತೆ ಸೇಠ್‌ಜಿ" ಅಂದೆ. "ತಿಳಿಸಿ ಹೇಳು ಭಾಯಿ" ಅಂದರು.

ಒಂದು ವಾರ ಕೂತು, ವಿಡಿಯೊ ಗಿಡಿಯೊ ಸೇರಿಸಿ ನಲವತ್ತು ಸ್ಲೈಡ್ ಮಾಡಿ ಒಯ್ದೆ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಆ ಫೈಲು ಸುತ್ತುತ್ತಲೇ ಇತ್ತು. ಚಾ ಬಂತು, ಖಮನ್ ಢೋಕ್ಲಾ ಬಂತು, ತಟ್ಟೆಯೂ ಖಾಲಿಯಾಯಿತು. ಮೊದಲ ಸ್ಲೈಡ್ ಬರಲಿಲ್ಲ.

ಸೇಠರು ಕೈ ಒರೆಸಿಕೊಂಡು, "ಭಾರ ಅಂದ್ರೇನು ತಿಳೀತು. ಈಗ ಹಗುರ ಅಂದ್ರೇನು ಹೇಳು" ಅಂದರು.

೨. ಉಧ್ನಾ ಸ್ಟೇಷನ್

ಸರಿ, ಅವರು ಹೇಳಿದಂತೆಯೇ ಒಂದು ಮಾದರಿ ಮಾಡಿದೆ. ಸೇಠರು ಅಹಮದಾಬಾದಿಗೆ ಹೊರಟಿದ್ದರು. ಉಧ್ನಾದ ಪ್ಲಾಟ್‌ಫಾರಂನಲ್ಲಿ ಅವರದೇ ಫೋನಿನಲ್ಲಿ ತೆರೆದು ಕೊಟ್ಟೆ. ಬಿಳಿ ಪರದೆ. ರೈಲು ಬಂತು, ಜಾಹೀರಾತು ಬರಲಿಲ್ಲ. ಈಗಲಾದರೂ ಇವರಿಗೆ ಬುದ್ಧಿ ಬಂತಲ್ಲ ಅಂತ ಒಳಗೊಳಗೇ ಖುಷಿಪಟ್ಟೆ.

ಸೇಠರು ಹೆಮ್ಮೆಯಿಂದ, "ದೊಡ್ಡ ಮನುಷ್ಯರು ಮದುವೆಗೆ ಎಂದಾದರೂ ಬೇಗ ಬಂದದ್ದುಂಟಾ?" ಎಂದು ರೈಲಿನ ಡಬ್ಬಿ ಹತ್ತಿದರು.

೩. ಒಂದೇ ಸೀರೆ

ಇನ್ನು ನನ್ನ ಕತೆ ಮುಗೀತು ಅಂದುಕೊಂಡೇ ಎರಡು ದಿನ ಬಿಟ್ಟು, ಸೇಠರು ಮರಳಿದ ಮೇಲೆ, ಅಂಗಡಿಗೆ ಹೋದೆ. ಮೂವರು ಹೆಂಗಸರು ಬಂದು ಗಾದಿಯ ಮೇಲೆ ಕೂರುತ್ತಿದ್ದರು. ಅವರ ಮೊಣಕಾಲು ಮಡಚಿರಲಿಲ್ಲ, ಅಷ್ಟರಲ್ಲಿ ಅಲ್ಲಿನ ವಯಸ್ಸಾದ ಸೇಲ್ಸ್‌ಮನ್ ಒಂದು ಸೀರೆ ಹಿಡಿದು ಮಣಿಕಟ್ಟು ಒಮ್ಮೆ ಕೊಡವಿದರು. ಇಡೀ ಸೀರೆ ಬಿಚ್ಚಿಕೊಂಡು ಆ ಹೆಂಗಸರ ಕಣ್ಣ ಮುಂದೆ! ಅಬ್ಬಬ್ಬಾ, ನನ್ನ ಮೈ ಜುಮ್ಮೆಂದಿತು.

"ಹನ್ನೆರಡೂ ಒಟ್ಟಿಗೇ ಯಾಕೆ ಬಿಚ್ಚಲಿಲ್ಲ ಸೇಠ್‌ಜಿ?"

"ಹುಚ್ಚೇನು? ಮೊದಲು ಒಂದು. ಉಳಿದದ್ದು ಅವರು ಕೇಳಿದ ಮೇಲೆ. ಕೂರೋದರೊಳಗೆ ಕಣ್ಣಿಗೆ ಬೀಳದಿದ್ರೆ ಎದ್ದು ಪಕ್ಕದಂಗಡಿಗೆ ಹೋಗ್ತಾರೆ."

ನಾನು ಫೋನಿನಲ್ಲಿ ಆ ಮಾದರಿ ತೆರೆದೆ. ಇನ್ನೂ ಸುತ್ತುತ್ತಿದ್ದ ಅವರ ಜಾಹೀರಾತನ್ನು ಅವರ ಮುಂದೆ ಹಿಡಿದೆ. ಸೇಠರು ಫೋನು ನೋಡಿದರು, ಸೇಲ್ಸ್‌ಮನ್‌ನ ಕೈ ನೋಡಿದರು.

"ಡೋಲು ತೆಗಿ. ದೀಪ ತೆಗಿ. ಹನ್ನೊಂದು ಸೀರೆ ತೆಗಿ."

ಸಂಜೆ ಹೊಸದನ್ನು ತೋರಿಸಿದೆ. ಒತ್ತಿದ್ದೇ ತಡ, ಬಂತು! ನಾನು ವರ್ಷಗಟ್ಟಲೆ ಓದಿ ಕಲಿತದ್ದು ಆ ಅಜ್ಜನ ಮಣಿಕಟ್ಟಿನಲ್ಲೇ ಇತ್ತಲ್ಲ ಅಂತ ಬೆರಗಾದೆ.

ಸೇಠರು ಅಲ್ಲೇ ನಮ್ಮ ಬಾಸ್‌ಗೆ ಫೋನ್ ಹಚ್ಚಿದರು. ನಾನು ಕಿವಿಗೊಟ್ಟೆ.

"ಹುಡುಗನನ್ನ ಖಾಯಂ ಮಾಡಿ, ಒಳ್ಳೆಯವನು. ಆದರೆ ಒಂದು ಸೀರೆ ತೋರಿಸು ಅನ್ನೋದಕ್ಕೆ ನಲವತ್ತು ಸ್ಲೈಡ್ ತಂದಿದ್ದ. ಮೊದಲು ಅವನನ್ನ ಹಗುರ ಮಾಡಿ!"