ಏಣಿಯಿಂದ ಇಳಿಸಿದ ಶತ್ರು

ಬೆಳಗ್ಗೆ ಆರೂಕಾಲಿಗೆ ಅಲ್ಪವಿರಾಮ ಬ್ರಷ್ಷಿಗೆ ಪೇಸ್ಟು ಹಚ್ಚಿಕೊಂಡು ನಲ್ಲಿ ತಿರುಗಿಸಿದ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹೀಗಾಗುತ್ತಿರುವುದು ಇದು ಮೂರನೇ ದಿನ. ಹಿತ್ತಲಿಗೆ ಬಂದು ನೋಡಿದರೆ, ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಉತ್ತರದ ಗೋಡೆಗೆ ಏಣಿ ಹಾಕಿಕೊಂಡು, ಕೆಳಮನೆಗೆ ನೀರು ಬಿಡುವ ವಾಲ್ವನ್ನು ಹಲ್ಲು ಕೀಳುವ ಶ್ರದ್ಧೆಯಿಂದ ಬಿಗಿ ಮಾಡುತ್ತಿದ್ದರು. ಏಣಿ ಅಲ್ಪವಿರಾಮನದೇ. ಹೋದ ತಿಂಗಳು ಬಲ್ಬು ಹಾಕುತ್ತೇನೆಂದು ಕೇಳಿ ಒಯ್ದದ್ದು.

"ನಮಸ್ಕಾರ ಡಾಕ್ಟ್ರೇ," ಎಂದ ಅಲ್ಪವಿರಾಮ.

"ನಮಸ್ಕಾರ, ನಮಸ್ಕಾರ. ಏಣಿ ಒಳ್ಳೆ ಗಟ್ಟಿಯಾಗಿದೆ ಕಣ್ರೀ."

ಮಾತುಕತೆ ಅಲ್ಲಿಗೇ ಮುಗಿಯಿತು. ಒಳಗೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ರೀ, ದೇಶ ದೇಶದ ಜಗಳಕ್ಕೆಲ್ಲ ಕಾಗದ ಬರೀತೀರ, ಮಹಡಿ ಮೇಲಿನೋರಿಗೆ ಒಂದು ಮಾತು ಹೇಳೋಕಾಗಲ್ವಾ?"

"ಇವತ್ತೊಂದು ದಿನ ತಡ್ಕೊ. ಸಂಜೆ ಬಡ್ತಿ ಆರ್ಡರು ಬರತ್ತೆ. ಶಾಖಾಧಿಕಾರಿ ಆದ್ರೆ ಕ್ವಾರ್ಟರ್ಸು ಕೊಡ್ತಾರೆ. ಕ್ವಾರ್ಟರ್ಸಿಗೆ ಸ್ವಂತ ಟ್ಯಾಂಕಿದೆ."

"ಬಡ್ತಿ ಬರದೇ ಇದ್ರೆ ನಾನು ನಮ್ಮಮ್ಮನ ಮನೆ ನಲ್ಲಿ ಹತ್ರ ಇರ್ತೀನಿ," ಎಂದಳು ಅವಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

ಅಲ್ಪವಿರಾಮ ವಿದೇಶಾಂಗ ಇಲಾಖೆಯ ಕಾನೂನು ಶಾಖೆಯಲ್ಲಿ ಹಿರಿಯ ಗುಮಾಸ್ತ. ಇಪ್ಪತ್ತೆರಡು ವರ್ಷಗಳಲ್ಲಿ ಮೇಲಿನವರನ್ನು ಕೇಳದೆ ಒಂದು ಪೂರ್ಣವಿರಾಮವನ್ನೂ ಹಾಕದ್ದರಿಂದ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಅವನ ವಶದಲ್ಲಿ ಒಂದು ಅಪರೂಪದ ಕಾಗದವಿತ್ತು. ಒಂದು ದೇಶ ಇನ್ನೊಂದರ ಮೇಲೆ ಕೈ ಮಾಡುವಂತಿಲ್ಲ. ತನ್ನ ಮೇಲೆ ದಾಳಿಯಾದರೆ ಆತ್ಮರಕ್ಷಣೆಗೆ ಮಾಡಬಹುದು. ಮಾಡಿದರೆ ಆ ಸಂಗತಿಯನ್ನು ತಕ್ಷಣ ಭದ್ರತಾ ಮಂಡಳಿಗೆ ತಿಳಿಸಬೇಕು. ವಿಶ್ವಸಂಸ್ಥೆಯ ಸನ್ನದು, ಅದರಲ್ಲೂ ಐವತ್ತೊಂದನೇ ವಿಧಿ, ಹೇಳುವುದು ಇಷ್ಟು. ಆ 'ತಕ್ಷಣ' ಎನ್ನುವ ಮಾತಿಗೆ ಹೆದರಿದ ಇಲಾಖೆ, ಸಚಿವರು ಅಧಿಕಾರ ವಹಿಸಿಕೊಂಡ ದಿನವೇ ಹಾಗೆ ತಿಳಿಸುವ ಕಾಗದದ ಮೂರು ಪ್ರತಿಗಳಿಗೆ ಸಹಿ ಹಾಕಿಸಿಟ್ಟಿತ್ತು. ಯಾರು ದಾಳಿ ಮಾಡಿದರು, ಎಷ್ಟು ಗಂಟೆಗೆ, ಎಲ್ಲಿ, ನಾವೇನು ಮಾಡಿದೆವು ಎನ್ನುವ ಜಾಗಗಳು ಮಾತ್ರ ಖಾಲಿ.

ಅಂದು ಮಧ್ಯಾಹ್ನ ಹೊಸದಾಗಿ ಸೇರಿದವರಿಗೆ ಆ ಕಾಗದ ತುಂಬುವುದನ್ನು ಕಲಿಸಬೇಕಿತ್ತು. ಜೆರಾಕ್ಸ್ ಮಿಷನ್ನು ಕೆಟ್ಟಿತ್ತು. ಅಲ್ಪವಿರಾಮ ಕಚೇರಿಗೆ ಬಂದವನೇ ಮೂರರಲ್ಲಿ ಒಂದು ಅಸಲು ಪ್ರತಿಯನ್ನೇ ಎಳೆದುಕೊಂಡು ಕೂತ. ದಾಳಿಯೊಂದನ್ನು ಕಲ್ಪಿಸಿಕೊಳ್ಳಲು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ, ಅವನ ತಲೆಯಲ್ಲಿ ಇದ್ದದ್ದು ಒಂದೇ ದಾಳಿ. ಅದನ್ನೇ ಕಚೇರಿಯ ಭಾಷೆಯಲ್ಲಿ ಬರೆದ: "ಇಂದು ಬೆಳಗ್ಗೆ ಆರೂಕಾಲಿಗೆ ನೆರೆಯ ದೇಶವು ನಮ್ಮ ಉತ್ತರದ ಗಡಿಯಲ್ಲಿ ನಮ್ಮದೇ ಏಣಿಯನ್ನು ಬಳಸಿ ಮೇಲೇರಿ, ನೀರು ಬಿಡುವ ವಾಲ್ವನ್ನು ಮುಚ್ಚಿತು." ನಾವೇನು ಮಾಡಿದೆವು ಎನ್ನುವ ಜಾಗಕ್ಕೆ ಬಂದಾಗ ಕೈ ನಿಂತಿತು. 'ನಮಸ್ಕಾರ ಹೇಳಿದೆವು' ಎಂದು ಬರೆಯಲು ನಾಚಿಕೆಯಾಯಿತು. "ನಮ್ಮ ಪಡೆಗಳು ಅಗತ್ಯವಿದ್ದಷ್ಟೇ, ದಾಳಿಗೆ ತಕ್ಕಷ್ಟೇ ಬಲ ಬಳಸಿ ಶತ್ರುವನ್ನು ಏಣಿಯಿಂದ ಕೆಳಗಿಳಿಸಿದವು," ಎಂದು ಬರೆದ. ಬರೆದು ಎರಡು ಸಲ ಓದಿಕೊಂಡ. ಮೂರು ದಿನಗಳಲ್ಲಿ ಮೊದಲ ಬಾರಿಗೆ ಅವನಿಗೆ ಎದೆ ತುಂಬಿ ಬಂತು.

ಅದರ ಮೇಲೆ 'ಮಾದರಿ' ಎಂದು ಸೀಲು ಒತ್ತಬೇಕು. ಸೀಲು ಪಕ್ಕದ ಶಾಖೆಯಲ್ಲಿತ್ತು. ತರಲು ಹೋದ.

ಟಪಾಲು ವಿಭಾಗದ ಹಿರಿಯಕ್ಕನಿಗೆ ಯಾರ ಮೇಜಿನ ಮೇಲೂ ಕಾಗದ ಕೊಳೆಯುವುದು ಕಂಡರಾಗದು. ಅವನು ಸೀಲು ಹಿಡಿದು ಬಂದಾಗ ಮೇಜು ಬರಿದಾಗಿತ್ತು.

"ಅಕ್ಕಾ, ಇಲ್ಲೊಂದು ಕಾಗದ ಇತ್ತಲ್ಲ..."

"ತಕ್ಷಣ ಅಂತ ಕೆಂಪಕ್ಷರದಲ್ಲಿತ್ತಲ್ಲ ತಮ್ಮಾ, ಫ್ಯಾಕ್ಸ್ ಮಾಡಿ ಕಳಿಸ್ಬಿಟ್ಟೆ. ಹನ್ನೊಂದೇ ನಿಮಿಷದಲ್ಲಿ ಭದ್ರತಾ ಮಂಡಳಿಗೆ ಮುಟ್ತು. ಪಕ್ಕದ ದೇಶಕ್ಕೂ ಒಂದು ಪ್ರತಿ ಹಾಕಿದೀನಿ. ಥ್ಯಾಂಕ್ಸ್ ಎಲ್ಲ ಬೇಡ."

ಅಲ್ಪವಿರಾಮ ಸೀಲನ್ನು ಅಲ್ಲೇ ಬಿಟ್ಟು ನಿರ್ದೇಶಕರ ಕೋಣೆಗೆ ಓಡಿದ. ಅವರ ಮುಂದೆ ಬಡ್ತಿಯ ಆರ್ಡರು, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು ಇತ್ತು. ವಿಷಯ ಕೇಳಿ ಅವರು ಪೆನ್ನಿನ ಮುಚ್ಚಳ ಹಾಕಿದರು.

"ವಾಪಸ್ ತಗೊಳ್ಳೋಣ ಸರ್. ದಾಳಿನೇ ಆಗಿಲ್ಲ ಅಂತ ಬರೆದುಬಿಡೋಣ," ಎಂದ ಅಲ್ಪವಿರಾಮ.

ಮೂಲೆಯಲ್ಲಿ ಕೂತಿದ್ದ ಕಾನೂನು ಸಲಹೆಗಾರ್ತಿ ಕನ್ನಡಕ ಒರೆಸಿಕೊಂಡರು. "ಬರೀಬಹುದು. ಆದ್ರೆ ಬಲ ಬಳಸಿದೀವಿ ಅಂತ ಸಚಿವರ ಸಹಿ ಸಮೇತ ಒಪ್ಕೊಂಡಿದೀವಲ್ಲ? ದಾಳಿ ಆಗಿಲ್ಲ ಅಂದ್ರೆ ಆಕ್ರಮಣ ಮಾಡಿದೋರು ನಾವೇ ಆಗ್ತೀವಿ."

"ನಾವೂ ಏನೂ ಮಾಡಿಲ್ಲ ಮೇಡಂ!"

"ಅದನ್ನ ಯಾರು ನಂಬ್ತಾರೆ? ಮಾಡಿಲ್ಲ ಅಂತ ಎಲ್ಲರೂ ಹೇಳೋದೇ. ಮಾಡಿದೀವಿ ಅಂತ ಸುಳ್ಳು ಹೇಳಿದ ದೇಶ ಇದುವರೆಗೂ ಇಲ್ಲ."

ಅಷ್ಟರಲ್ಲಿ ಫೋನುಗಳು ಶುರುವಾದವು. ದೂರದ ಒಂದು ದೇಶ ಆತಂಕ ವ್ಯಕ್ತಪಡಿಸಿ, ಎರಡೂ ಕಡೆಯವರು ಸಂಯಮದಿಂದ ಇರಬೇಕೆಂದಿತು. ಇನ್ನೊಂದು, ಏಣಿಯ ಎಷ್ಟನೇ ಮೆಟ್ಟಿಲಿಂದ ಇಳಿಸಿದಿರಿ, ಅದು ದಾಳಿಗೆ ತಕ್ಕಷ್ಟೇ ಇತ್ತೇ ಎಂದು ಕೇಳಿತು. ಮಿತ್ರದೇಶವೊಂದು, ನೀವು ಒಂದು ಮಾತು ಕೇಳಿಕೊಂಡರೆ ಸಾಕು, ಯುದ್ಧನೌಕೆ ಕಳಿಸುತ್ತೇವೆ ಎಂದಿತು.

"ನಮಗೆ ಸಮುದ್ರ ಇಲ್ಲ ಅಂತ ವಿನಯವಾಗಿ ತಿಳಿಸಿ," ಎಂದರು ನಿರ್ದೇಶಕರು.

ಸೇನೆಯ ದೊಡ್ಡ ಅಧಿಕಾರಿಯೂ ಫೋನು ಮಾಡಿದರು. ತಮ್ಮ ಯಾವ ತುಕಡಿ ಈ ಸಾಹಸ ಮಾಡಿತೆಂದು ಅವರಿಗೆ ಗೊತ್ತಾಗಬೇಕಿತ್ತು, ಪದಕಗಳು ತಯಾರಾಗುತ್ತಿದ್ದವು. ಅಲ್ಪವಿರಾಮ ಮಧ್ಯಾಹ್ನದ ಊಟ ಬಿಟ್ಟು, ನಿರ್ದೇಶಕರ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತು ಯುದ್ಧಕ್ಕಾಗಿ ಕಾದ. ಹೆಂಡತಿ ಪೆಟ್ಟಿಗೆ ಕಟ್ಟುತ್ತಿರುವುದು ಅವನ ಕಣ್ಣಿಗೆ ಕಟ್ಟಿದಂತಿತ್ತು.

ನಾಲ್ಕು ಗಂಟೆಗೆ ಪಕ್ಕದ ದೇಶದ ಉತ್ತರ ಬಂತು. ಸಲಹೆಗಾರ್ತಿ ಗಟ್ಟಿಯಾಗಿ ಓದಿದರು. ಏಣಿಯನ್ನು ಒಪ್ಪಿಗೆ ಪಡೆದೇ ಒಯ್ಯಲಾಗಿತ್ತು. ವಾಲ್ವ್ ಮುಚ್ಚಿದ್ದು, ದಾಳಿ ಎನ್ನುವಷ್ಟು ಗಂಭೀರವಾದದ್ದಲ್ಲ. ಆದರೂ ನೆರೆಹೊರೆಯ ಸ್ನೇಹಕ್ಕಾಗಿ ನೀರು ಬಿಡುತ್ತೇವೆ. ತಮ್ಮ ಪಡೆಗಳನ್ನು ದಯವಿಟ್ಟು ಏಣಿಯ ಬಳಿಯಿಂದ ಹಿಂತೆಗೆದುಕೊಳ್ಳಿ.

ಪಕ್ಕದ ದೇಶದಲ್ಲೂ ಒಂದು ಇಲಾಖೆಯಿತ್ತು, ಅಲ್ಲಿಯೂ ಗುಮಾಸ್ತರಿದ್ದರು. ತಮ್ಮ ಸೇನೆ ಬೆಳಗ್ಗೆ ಏನು ಮಾಡಿತೆಂದು ತಮಗೆ ಗೊತ್ತಿಲ್ಲ ಎಂದು ಮೇಲಿನವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಾಲ್ವೆಂದರೆ ಗಡಿಯ ಕಾಲುವೆಯದೇ ಇರಬೇಕೆಂದುಕೊಂಡರು; ಐದಕ್ಕೆ ಅದರ ಗೇಟು ಮೇಲೆದ್ದಿತು. ಹನ್ನೊಂದು ವರ್ಷ, ನಲವತ್ತು ಸುತ್ತು ಮಾತುಕತೆಯಲ್ಲಿ ಬಾರದ ನೀರು ನಮ್ಮ ಕಡೆಗೆ ಹರಿಯಿತು.

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಆರ್ಡರಿಗೆ ಸಹಿ ಹಾಕಿದರು.

"ನೋಡ್ರೀ, ಅದು ಮಾದರಿ ಕಾಗದ ಅನ್ನೋದು ಈ ಕೋಣೆ ದಾಟಬಾರದು. ದಾಟಿದ್ರೆ ದೇಶ ಆಕ್ರಮಣಕಾರಿ ಆಗತ್ತೆ, ಕಾಲುವೆ ಮುಚ್ಚತ್ತೆ, ನೀವು ಮನೆಗೆ ಹೋಗ್ತೀರ."

"ಸತ್ರೂ ಬಾಯಿ ಬಿಡಲ್ಲ ಸರ್."

ಕ್ವಾರ್ಟರ್ಸಿನ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಅಲ್ಪವಿರಾಮ ಮನೆಯತ್ತ ನಡೆದ. ಕಾಲು ನೆಲದ ಮೇಲಿರಲಿಲ್ಲ. ಗೇಟಿನ ಬಳಿ ಹಲ್ಲಿನ ಡಾಕ್ಟರು ಬಿಳಿ ಕೋಟಿನಲ್ಲೇ ನಿಂತಿದ್ದರು. ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೆಯೇ ಬಿಟ್ಟು ಬಂದಿದ್ದರು. ಕೈಯಲ್ಲಿ ಸಂಜೆ ಪತ್ರಿಕೆ. ಮುಖಪುಟದ ತುಂಬ ಕಾಗದದ ಪೂರ್ತಿ ಒಕ್ಕಣೆ.

"ಬೆಳಗ್ಗೆ ಆರೂಕಾಲು. ಉತ್ತರದ ಕಡೆ. ಏಣಿ. ವಾಲ್ವು. ಎಲ್ಲಾ ಸರಿಯಾಗೇ ಬರೆದಿದೀರ," ಎಂದರು ಡಾಕ್ಟರು. "ಆದ್ರೆ ನನ್ನನ್ನ ಏಣಿಯಿಂದ ಇಳಿಸಿದ್ದು ಯಾವಾಗ?"

ಅಲ್ಪವಿರಾಮ ಕೈ ಮುಗಿದ. "ಡಾಕ್ಟ್ರೇ, ನಿಮ್ಮ ದಮ್ಮಯ್ಯ. ಇದು ದೇಶದ ಮಾನದ ಪ್ರಶ್ನೆ."

"ಅದಕ್ಕೇ ಇನ್ನೂ ಪೇಪರಿನೋರಿಗೆ ಫೋನ್ ಮಾಡಿಲ್ಲ. ನಾನೇನು ಕೆಟ್ಟೋನಾ? ಈ ಮನೇಲಿ ಇಬ್ಬರಿಗೂ ನೀರು ಸಾಲಲ್ಲ, ಅದಕ್ಕೇ ವಾಲ್ವು ಮುಚ್ತಿದ್ದೆ. ಜೇಬಲ್ಲಿ ಕ್ವಾರ್ಟರ್ಸಿನ ಅರ್ಜಿ ಕಾಣ್ತಿದೆ, ಬಡ್ತಿ ಆಯ್ತಾ? ಕ್ವಾರ್ಟರ್ಸು ಎಷ್ಟು ಮಹಡಿ?"

"ಎರಡು. ಆದ್ರೆ ನೆಂಟರನ್ನ ಬಿಟ್ಟು ಬೇರೆಯೋರು ಇರೋ ಹಾಗಿಲ್ಲ ಡಾಕ್ಟ್ರೇ. ಅರ್ಜೀಲಿ ಸಂಬಂಧ ಬರೀಬೇಕು."

"ಬರೆಯೋದ್ರಲ್ಲಿ ನೀವು ಗಟ್ಟಿಗರಲ್ವಾ," ಎಂದು ಡಾಕ್ಟರು ಪೆನ್ನು ಕೊಟ್ಟರು.

ಕಾಂಪೌಂಡು ಗೋಡೆಯ ಮೇಲೆ ಅರ್ಜಿಯಿಟ್ಟು ಅವನು ಬರೆದುಕೊಟ್ಟ. ಒಳಗೆ ಹೋದಾಗ ಹೆಂಡತಿ ಕಟ್ಟಿದ ಪೆಟ್ಟಿಗೆಯ ಮೇಲೆ ಕೂತಿದ್ದಳು.

"ಬಡ್ತಿ?"

"ಬಂತು."

"ಕ್ವಾರ್ಟರ್ಸು?"

"ಸಿಕ್ತು. ಕೆಳಗಿಂದು ನಮಗೆ. ಮೇಲಿಂದು..." ಅವನು ಗಂಟಲು ಸರಿಮಾಡಿಕೊಂಡ. "ಮೇಲಿಂದು ನಿಮ್ಮಣ್ಣನಿಗೆ."

"ನನಗೆಲ್ಲಿಯ ಅಣ್ಣ ರೀ?"

ಮಹಡಿಯ ಮೇಲಿಂದ ಕೂಗು ಕೇಳಿಸಿತು: "ತಂಗೀ, ಹೊಸ ಮನೇಲಿ ಟ್ಯಾಂಕಿನ ವಾಲ್ವು ಮೇಲಿದೆಯಾ, ಕೆಳಗಿದೆಯಾ? ಭಾವನ್ನ ಸ್ವಲ್ಪ ಕೇಳಮ್ಮ!"