ಮಾವನ ಸೈಕಲ್ಲು, ಮಡಚದ ಮೊಣಕಾಲು

ನನ್ನ ಹೊಟ್ಟೆಯ ಮೇಲೆ ನನಗೆ ಅಪಾರ ನಂಬಿಕೆಯಿತ್ತು. ಕಲ್ಲು ತಿಂದು ಕರಗಿಸುವ ವಯಸ್ಸು. ಆದ್ದರಿಂದ ಆ ವರ್ಷ ಆಯುಧಪೂಜೆಯ ಪಾಯಸ, ವಿಜಯದಶಮಿಯ ರಜೆ ಮುಗಿದರೂ ನಮ್ಮ ಕಚೇರಿಯ ಮೂಲೆಯಲ್ಲಿ ಉಳಿದಿದ್ದನ್ನು ಕಂಡು ಮಿಕ್ಕ ಗುಮಾಸ್ತರೆಲ್ಲ ಮೂಗು ಮುಚ್ಚಿಕೊಂಡಾಗ, ನಾನೊಬ್ಬನೇ ಮುಂದೆ ಬಂದೆ.

"ಪ್ರಸಾದ ಎಲ್ಲಾದ್ರೂ ಕೆಡುತ್ತೇನ್ರೀ?" ಎಂದು ಸಭೆಗೆ ಸವಾಲು ಹಾಕಿ ಪಾತ್ರೆಯ ತಳ ಕಾಣಿಸಿದೆ.

ಅಂದು ಸಂಜೆಯಿಂದ ಕೋಟೆ ಬೀದಿಯ ನಮ್ಮ ಮನೆಯಲ್ಲಿ ನಾನು ಮತ್ತು ಹಿತ್ತಲ ಚೊಂಬು ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಜ್ವರವೂ ಬಂತು. ಹೆಂಡತಿ ಗಿರಿಜೆ ಗಂಜಿ ಕಾಯಿಸಿ ಕಾಯಿಸಿ ಸೋತಳು. ವಾರದಲ್ಲಿ ಎಲ್ಲ ನಿಂತಿತು. "ನೋಡಿದ್ಯಾ, ಔಷಧಿ ಇಲ್ದೇ ಗೆದ್ದೆ!" ಎಂದು ಮೀಸೆ ತಿರುವಿದೆ. ಈ ಸುದ್ದಿ ಯಾರಿಗೂ, ಮುಖ್ಯವಾಗಿ ಭದ್ರಾವತಿಗೆ, ಮುಟ್ಟಬಾರದೆಂದು ಅವಳಿಂದ ಆಣೆಯನ್ನೂ ಹಾಕಿಸಿಕೊಂಡೆ.

ಭದ್ರಾವತಿ ಎಂದರೆ ಜನ್ನಾಪುರದ ನನ್ನ ಮಾವನ ಮನೆ. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ಮದುವೆಯಲ್ಲಿ ಅವರು ಕೈಗಡಿಯಾರ ಕೊಡಲು ಬಂದಾಗ ನಾನು ಬೇಡವೆಂದು ಸೈಕಲ್ ಕೇಳಿದ್ದೆ.

"ಮೊದಲ ದೀಪಾವಳಿಗೆ ಕೊಡ್ತೀನಿ. ಆದ್ರೆ ನಮ್ಮ ಬೀದಿಯವರ ಎದುರಿಗೆ ನೀವೇ ಹತ್ತಿ ಹೋಗ್ಬೇಕು. ನಿಲ್ಲಿಸಿಟ್ಟು ನೋಡೋಕಾದ್ರೆ ಗಡಿಯಾರಾನೇ ಸಾಕು" ಎಂದಿದ್ದರು ಮಾವ.

ಅಂದಿನಿಂದ ಗೆಳೆಯರ ಸೈಕಲ್ಲುಗಳ ಮೇಲೆ ಅಭ್ಯಾಸ ಮಾಡಿ, ಕೈ ಬಿಟ್ಟು ಓಡಿಸುವಷ್ಟು ಪಂಡಿತನಾಗಿದ್ದೆ. ದೀಪಾವಳಿಗೆ ಇನ್ನೇನು ಹೊರಡಬೇಕು, ಬೆಳಿಗ್ಗೆ ಎದ್ದರೆ ಬಲ ಮೊಣಕಾಲು ಊದಿಕೊಂಡಿತ್ತು! ಮುಟ್ಟಿದರೆ ಬಿಸಿ. ಹಿಮ್ಮಡಿ ನೆಲಕ್ಕಿಟ್ಟರೆ ಪ್ರಾಣ ಹೋಗುವಂತಾಗುತ್ತಿತ್ತು. ಎಲ್ಲೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ.

"ಈ ಸಲ ಹೋಗೋದು ಬೇಡ ಕಣ್ರೀ" ಎಂದಳು ಗಿರಿಜೆ.

"ಸೈಕಲ್ ಬಿಟ್ಕೊಡೋ ಮಾತೇ ಇಲ್ಲ. ರೈಲಲ್ಲಿ ಕೂತ್ರೆ ಕಾಲು ತಾನೇ ಸರಿಹೋಗತ್ತೆ."

ಸರಿಹೋಗಲಿಲ್ಲ. ಎದುರಿಗೆ ಕೂತಿದ್ದ ಅಜ್ಜಿಯೊಬ್ಬಳ ಬುಟ್ಟಿಯ ಮೇಲೆ ಚಾಚಿಕೊಂಡು ಪ್ರಯಾಣ ಮಾಡಿತು.

ಮಾವನ ಮನೆಯ ಬಾಗಿಲಲ್ಲೇ ಎಲ್ಲರೂ ನನ್ನ ನಡಿಗೆಯನ್ನು ನೋಡಿದರು. "ಇದೇನಾಯ್ತು ಅಳಿಯಂದಿರೇ?" ಎಂದರು ಅತ್ತೆ.

"ಫುಟ್‌ಬಾಲ್ ಪಂದ್ಯ. ಗೋಲ್ ಹೊಡೆಯುವಾಗ ಸ್ವಲ್ಪ ಪೆಟ್ಟಾಯ್ತು."

ಬಾಯಿಗೆ ಅದೇ ಬಂತು! ಗಿರಿಜೆ ಸೂರು ನೋಡಿದಳು. ಮಾವ ಬಹಳ ಸಂತೋಷಪಟ್ಟು ಮಗನನ್ನು ಕರೆದರು. ಭಾವಮೈದ ರುದ್ರೇಶ ಹಗಲು ಕುಲುಮೆಯ ಮುಂದೆ, ಸಂಜೆ ಗರಡಿಯಲ್ಲಿ ಇರುವವನು.

"ಆಟದ ಪೆಟ್ಟಾ ಭಾವ? ಹಬ್ಬದ ಎಣ್ಣೆಸ್ನಾನ ನಂಗೆ ಬಿಡಿ. ಗರಡೀಲಿ ಎಂಥೆಂಥಾ ಕಾಲು ಸರಿಮಾಡಿದೀನಿ!"

ಬೆಳಿಗ್ಗೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಹರಳೆಣ್ಣೆ ಸುರಿದು, ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದ. ನಾನು ಹಾಕಿದ ಕೂಗಿಗೆ ಬೀದಿಯವರು ಪಟಾಕಿ ಹಚ್ಚುವುದನ್ನೇ ನಿಲ್ಲಿಸಿದರು.

"ನೋವು ಹೊರಗೆ ಬರ್ತಾ ಇದೆ ಭಾವ, ತಡ್ಕೊಳ್ಳಿ!"

ಹೊರಗೆ ಬಂದದ್ದು ನನ್ನ ಕಣ್ಣೀರು ಮಾತ್ರ.

ಸ್ನಾನ ಮುಗಿಸಿ ಅಂಗಳಕ್ಕೆ ಬಂದರೆ, ಸೈಕಲ್! ಹೊಳೆಯುವ ಕಪ್ಪು ಮೈ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಅದರ ಹಣೆಗೆ ವಿಭೂತಿ. ನನ್ನ ಸವಾರಿ ನೋಡಲು ಬೀದಿಯ ಜನವೆಲ್ಲ ಸೇರಿತ್ತು. ನೋವೆಲ್ಲ ಮರೆತುಹೋಯಿತು. ಪಂಚೆ ಎತ್ತಿ ಕಟ್ಟಿದೆ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲನ್ನು ಠೀವಿಯಿಂದ ಆಚೆಗೆ ಹಾಕಿದೆ. ಆಚೆಗೇನೋ ಹೋಯಿತು, ಮಡಚಲಿಲ್ಲ! ಸೈಕಲ್ ಅತ್ತೆಯ ರಂಗೋಲಿ ಅಳಿಸಿಕೊಂಡು ಹೋಗಿ ಎದುರುಮನೆಯ ಡಾಕ್ಟರ ಬೇಲಿಗೆ ನುಗ್ಗಿತು. ನಾನೂ ಜೊತೆಯಲ್ಲೇ ಹೋದೆ.

ಡಾಕ್ಟರು ನನ್ನನ್ನು ಬೇಲಿಯಿಂದ ಬಿಡಿಸಿ, ಜಗುಲಿಯ ಮೇಲೆ ಕೂರಿಸಿ, ಎಲ್ಲರ ಎದುರಿಗೇ ಮೊಣಕಾಲು ಮುಟ್ಟಿ ನೋಡಿದರು.

"ಈಚೆಗೆ ಹೊಟ್ಟೆ ಏನಾದ್ರೂ ಕೆಟ್ಟಿತ್ತಾ? ಭೇದಿ?"

"ಛೆ ಛೆ! ನನ್ನ ಹೊಟ್ಟೇನಾ?"

"ಗೋಲ್ ಹೊಡೆಯುವಾಗ ಆದ ಪೆಟ್ಟು ಡಾಕ್ಟ್ರೇ" ಎಂದರು ಮಾವ, ಹೆಮ್ಮೆಯಿಂದ.

"ಗೋಲೂ ಇಲ್ಲ, ಎಂಥದೂ ಇಲ್ಲ!" ಗಿರಿಜೆಗೆ ಅಳು ಒತ್ತಿಕೊಂಡು ಬಂದಿತ್ತು. "ಹಳಸಿದ ಪಾಯಸ ತಿಂದು ಒಂದು ವಾರ ಹಿತ್ತಲಲ್ಲೇ ಇದ್ರು. ಹೇಳ್ಬೇಡ ಅಂತ ಆಣೆ ಹಾಕ್ಸಿದಾರೆ. ಕಾಲು ಹೀಗೇ ನಿಂತುಬಿಟ್ರೆ ಆ ಆಣೆ ಇಟ್ಕೊಂಡು ನಾನೇನ್ ಮಾಡ್ಲಿ?"

ನನಗೆ ನಾಚಿಕೆಯಾಯಿತು. ಅವಳು ಇಷ್ಟು ದಿನ ಹೆದರಿಕೊಂಡೇ ಇದ್ದಳೆಂದು ನನಗೆ ಹೊಳೆದೇ ಇರಲಿಲ್ಲ.

"ನಿಲ್ಲೋದಿಲ್ಲಮ್ಮ, ಹೆದರ್ಬೇಡ" ಎಂದರು ಡಾಕ್ಟರು. "ಹೊಟ್ಟೆಯ ಸೋಂಕು ವಾಸಿಯಾದ ಮೇಲೆ ಕೆಲವರಿಗೆ, ಅದರಲ್ಲೂ ಪ್ರಾಯದವರಿಗೆ, ಹೀಗೆ ಕೀಲು ಹಿಡಿಯತ್ತೆ. ನಿಧಾನಕ್ಕೆ ಇಳಿಯತ್ತೆ. ಮಾತ್ರೆ ಕೊಡ್ತೀನಿ, ಕಾಲಿಗೆ ಕೆಲಸ ಕೊಡಬಾರದು. ಉಜ್ಜೋದು ತಿರುವೋದು ಖಂಡಿತಾ ಕೂಡದು."

ರುದ್ರೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಸೈಕಲ್ಲು?" ಎಂದೆ ನಾನು ಮೆಲ್ಲಗೆ.

"ಅದಕ್ಕೇನೂ ಆಗಿಲ್ಲ. ಚೆನ್ನಾಗಿದೆ" ಎಂದರು ಡಾಕ್ಟರು.

ಮಧ್ಯಾಹ್ನ ಎಲ್ಲರ ಎಲೆಗೂ ಪಾಯಸ ಬಿತ್ತು. ನನ್ನ ಎಲೆಗೆ ಮಜ್ಜಿಗೆ ಅನ್ನ. ಅತ್ತೆ ನನ್ನ ಮುಖ ನೋಡದೆ ಬಡಿಸಿದರು.

ಊರಿಗೆ ಹೊರಟ ದಿನ ಮಾವ ಸೈಕಲ್ಲನ್ನು ತಂದು ಬಾಗಿಲಿಗೆ ನಿಲ್ಲಿಸಿದರು. "ಕೊಟ್ಟ ಮಾತು ಕೊಟ್ಟಿದ್ದೇ. ಬೀದಿಯವರ ಎದುರಿಗೆ ಹತ್ತಿ ಹೋಗಿ ಅಳಿಯಂದಿರೇ."

ಹತ್ತಿ ಹೋದೆ, ಕ್ಯಾರಿಯರ್ ಮೇಲೆ! ತುಳಿಯುವವನು ರುದ್ರೇಶ. ನನ್ನ ಬಲಗಾಲು ರೈಲ್ವೆ ಗೇಟಿನ ಕಂಬದಂತೆ ಪಕ್ಕಕ್ಕೆ ಚಾಚಿತ್ತು. ಹಿಂದೆ ಎತ್ತಿನಗಾಡಿಯಲ್ಲಿ ಟ್ರಂಕಿನ ಜೊತೆ ಕೂತಿದ್ದ ಗಿರಿಜೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಜನ್ನಾಪುರದ ಪ್ರತಿ ಬಾಗಿಲಲ್ಲೂ ಜನ.

"ಬೆಲ್ಲಾದ್ರೂ ನಾನೇ ಹೊಡೀತೀನಿ ಕಣೋ" ಎಂದು ಮುಂದಕ್ಕೆ ಬಾಗಿದೆ.

ಕೈ ಎಟುಕಲಿಲ್ಲ. ಸ್ಟೇಷನ್ನಿನವರೆಗೂ ಬಾಯಲ್ಲೇ ಟ್ರಿಣ್ ಟ್ರಿಣ್ ಎನ್ನುತ್ತ ಹೋದೆ!